ತಾತನ ಟೋಪಿಯ ಬಿಳಿ ಗವಸು

ಮೊನ್ನೆ ಇಸ್ತ್ರಿ ಗಾಡಿಯ ಮುಂದೆ ನಿಂತಿದ್ದೆ. ಗಂಜಿ ಹಾಕಿದ ಸೀರೆಯ ಮೇಲೆ ಪೆಟ್ಟಿಗೆ ಓಡಿದಾಗ ಬಿಸಿ ಅನ್ನದಂಥ ವಾಸನೆ ಎದ್ದಿತು... ಮುಳಬಾಗಿಲಿನ ನಮ್ಮ ಪಕ್ಕದ ಮನೆಯ ತಾತ ನೆನಪಾದರು.

ಅವರು ಬ್ರಿಟಿಷರ ಕಾಲದಲ್ಲಿ ನೌಕಾದಳದಲ್ಲಿದ್ದವರು. ಸಮುದ್ರವನ್ನೇ ಕಾಣದ ನಮ್ಮ ಬೀದಿಗೆ ಅವರು ತಂದದ್ದು ಒಂದು ಕಡುನೀಲಿ ಟೋಪಿ, ಅದಕ್ಕೆ ತೊಡಿಸುವ ಒಂದು ಬಿಳಿ ಗವಸು. ಚಳಿಗಾಲಕ್ಕೆ ಬರೀ ನೀಲಿ, ಬೇಸಿಗೆಗೆ ಮೇಲೆ ಬಿಳಿ. ಹುಕುಂ ಬಂದರೆ ಹಡಗಿನಲ್ಲಿ ಎಲ್ಲರ ಟೋಪಿಯೂ ಒಂದೇ ದಿನ ಬೆಳ್ಳಗಾಗುತ್ತಿತ್ತಂತೆ. ಊರಿಗೆ ಬಂದ ಮೇಲೂ ತಾತ ಆ ಪದ್ಧತಿ ಬಿಡಲಿಲ್ಲ. ಯುಗಾದಿ ಹತ್ತಿರವಾದರೆ ಗವಸಿಗೆ ಗಂಜಿ, ನೀಲಿ ಹಾಕಿ ಒಣಗಿಸಿ, ಜಗಲಿಯಿಂದ ಕೂಗುತ್ತಿದ್ದರು.

"ಬಾರಮ್ಮ ಚಿನ್ನಿ, ಎಂಡಲು ಬಂದ್ವು."

ಬಿಸಿಲುಗಾಲಕ್ಕೆ ಅವರು ತೆಲುಗಿನಲ್ಲೇ ಎಂಡಲು ಅನ್ನೋರು. ಚಿನ್ನಿ ನನ್ನ ತಂಗಿ. ಗವಸು ತೊಡಿಸುವುದು, ದೀಪಾವಳಿ ಕಳೆದ ಮೇಲೆ ಬಿಚ್ಚುವುದು, ಎರಡೂ ಅವಳದೇ. ಅವಳು ಬಾಯಿಬಡಕಿ, ಸಮುದ್ರ ಎಷ್ಟು ಆಳ, ಮೀನು ನಿದ್ದೆ ಮಾಡ್ತಾವಾ ಅಂತ ಕೇಳಿ ಕೇಳಿ ಅವರ ಪಕ್ಕ ಜಾಗ ಹಿಡಿದಿದ್ದಳು. ನಾನು ಕಂಬಕ್ಕೊರಗಿ ನೋಡುತ್ತಿದ್ದೆ.

ಒಂದು ಸಲ ಧೈರ್ಯ ಮಾಡಿ, "ತಾತ, ನಾನು ಹಾಕ್ಲಾ?" ಅಂದೆ.

"ನೀನು ದೊಡ್ಡೋಳಲ್ವೇನಮ್ಮ, ಚಿಕ್ಕೋಳು ಆಸೆ ಪಡ್ತಾಳೆ," ಅಂದರು.

ಅವಳಿಗೂ ನನಗೂ ಒಂದೂವರೆ ವರ್ಷದ ಅಂತರ...

ತಾತ ಹೋದದ್ದು ಮಾರ್ಗಶಿರದ ಚಳಿಯಲ್ಲಿ. ಅವರ ಸೊಸೆ, ನಾವು ಅತ್ತೆ ಅನ್ನುತ್ತಿದ್ದವರು, ಟೋಪಿಯನ್ನು ಎದೆಯ ಮೇಲಿಡಲು ತಂದಾಗ ತಂಗಿ ಬಿಕ್ಕುತ್ತ ಬಿಳಿ ಗವಸು ತೊಡಿಸಿದಳು. ನಾನೇ ಮುಂದೆ ಹೋದೆ.

"ಈಗ ಚಳಿಗಾಲ ಅಲ್ವಾ ಅತ್ತೆ, ನೀಲಿ ಇರಬೇಕು," ಅಂದೆ.

ಅವರು ತಲೆಯಾಡಿಸಿದರು. ಗವಸು ಬಿಚ್ಚಿದೆ. ಆ ನೀಲಿ ಬಟ್ಟೆ ಮೊದಲ ಸಲ ನನ್ನ ಬೆರಳಿಗೆ ತಾಗಿತು, ಕಂಬಳಿಯ ಹಾಗೆ ಒರಟು. ತಿರುಗಿ ನೋಡಿದರೆ ಅತ್ತೆ ಚಿನ್ನಿಯನ್ನು ತಬ್ಬಿಕೊಂಡು, "ತಾತನ ಮುದ್ದು ಕೂಸು," ಅಂತ ಅಳುತ್ತಿದ್ದರು. ಬಂದವರೆಲ್ಲ ಅವಳ ತಲೆಯನ್ನೇ ಸವರಿದರು. ತಾತನನ್ನು ನಾನೂ ಕಳಕೊಂಡಿದ್ದೆ. ಅದು ಯಾರಿಗೂ ಹೊಳೆಯಲಿಲ್ಲ.

ತಂಗಿ ಈಗ ಮಾಲೂರಿನಲ್ಲಿದ್ದಾಳೆ. ಮೊನ್ನೆ ಇಸ್ತ್ರಿ ಗಾಡಿಯಿಂದ ಮನೆಗೆ ಬಂದವಳೇ ಅವಳಿಗೆ ಫೋನ್ ಮಾಡಿ, ತಾತ ನೆನಪಾದರು ಅಂದೆ. ಅವಳು ತುಂಬ ಹೊತ್ತು ಮಾತಾಡಿದಳು. ಮಾತಿನುದ್ದಕ್ಕೂ "ನನ್ನ ತಾತ" ಅಂದಳೇ ಹೊರತು, ಒಮ್ಮೆಯೂ "ನಮ್ಮ ತಾತ" ಅನ್ನಲಿಲ್ಲ. ನನಗೀಗ ಮೊಮ್ಮಕ್ಕಳಿದ್ದಾರೆ. ಆದರೂ ಆ ಒಂದು ಮಾತಿಗೆ ಹೊಟ್ಟೆ ಉರಿಯಿತು, ಕಣ್ಣೂ ತುಂಬಿತು.