ಹುಣಸೆ ಮರಕ್ಕೆ ಕೂಗಿದ ಸವಾಲು

ಮೊನ್ನೆ ದಾವಣಗೆರೆಯಿಂದ ಹರಿಹರಕ್ಕೆ ಬಸ್ಸಿನಲ್ಲಿ ಹೊರಟಿದ್ದೆ. ಪಕ್ಕದ ಸೀಟಿನ ಹೆಣ್ಣುಮಗಳ ಬುಟ್ಟಿಯಿಂದ ಹಸಿ ಹುಣಸೆಕಾಯಿಯ ವಾಸನೆ ಮೂಗಿಗೆ ಬಡಿದು ಹಲ್ಲು ಜುಮ್ಮೆಂದಿತು. ಈಗಿರುವ ಹಲ್ಲುಗಳು ಕಟ್ಟಿಸಿಕೊಂಡವು. ಅವೂ ಜುಮ್ಮೆನ್ನುತ್ತವೆ ಎಂದರೆ ನೀವು ನಂಬಬೇಕು.

ನಾನು ಬಡಗಿ. ಶಾಲೆಯನ್ನು ಬೇಗ ಬಿಟ್ಟವನು. ಆದರೆ ನಾನು ಕೂಡಿಸಿದ ಬಾಗಿಲು ಮಳೆಗಾಲದಲ್ಲಿ ಉಬ್ಬಿ ಸಿಕ್ಕಿಕೊಂಡಿತೆಂದು ನಿಟ್ಟುವಳ್ಳಿಯಲ್ಲಿ ಯಾರೂ ಹೇಳಲಾರರು. ಜಂಬವೆನ್ನುತ್ತೀರಾ? ಅನ್ನಿ. ಈ ಕತೆ ನಡೆದದ್ದೇ ಆ ಜಂಬದಿಂದ.

ಎಂಬತ್ತರ ದಶಕದಲ್ಲಿ, ನಮ್ಮ ಚರ್ಚಿನ ಸಭೆಯ ಅರ್ಧ ಜನ ದುಡಿಯುತ್ತಿದ್ದ ಹತ್ತಿ ಗಿರಣಿ ಬಾಗಿಲು ಹಾಕಿತು. ಕೂಲಿಯಿಲ್ಲದವರು ಕಿಟಕಿ ಮಾಡಿಸುತ್ತಾರೆಯೇ? ನನ್ನ ಕೈಯೂ ಖಾಲಿಯಾಯಿತು. ಅದೇ ವರ್ಷ ಚರ್ಚಿನ ಸೂರಿನ ತೊಲೆಗಳಿಗೆ ಗೆದ್ದಲು ಹಿಡಿಯಿತು. ಅಂಗಳದ ಹುಣಸೆ ಮರ ಕಡಿದು ಮಾರಿ ಸೂರು ಸರಿಮಾಡಿಸುವುದೆಂದು ಹಿರಿಯರು ತೀರ್ಮಾನಿಸಿದರು. ಕಡಿಯುವ ಕೆಲಸ ನನಗೆ ಬಂತು. ಸುಗ್ಗಿ ಹಬ್ಬದ ಮರುದಿನವೇ ಎಂದರು. ಗರಗಸದ ಹಲ್ಲು ಮಸೆದು ಕಾಯುತ್ತಿದ್ದೆ.

ನಮ್ಮ ಸುಗ್ಗಿ ಹಬ್ಬದಲ್ಲಿ, ಬೆಳೆದದ್ದನ್ನು ಪೀಠದ ಮುಂದಿಟ್ಟು ದೇವರಿಗೆ ಒಪ್ಪಿಸುತ್ತೇವೆ. ಆರಾಧನೆ ಮುಗಿದ ಮೇಲೆ ಅಂಗಳದಲ್ಲಿ ಹರಾಜು. ಅಲ್ಲಿ ಬದನೆಕಾಯಿಗೂ ಬೆಳ್ಳಿಯ ಬೆಲೆ ಬರುತ್ತದೆ. ಸವಾಲು ಕೂಗುವುದು ಬದನೆಕಾಯಿಗಲ್ಲ, ಎದುರಿಗಿರುವವನ ಮೀಸೆಗೆ. ಒಪ್ಪಿಸಿದ್ದನ್ನು ಹಿರಿಯರು ಬೇಡವೆನ್ನುವಂತಿಲ್ಲ, ಕೂಗಿದವನು ಹಿಂದೆ ಸರಿಯುವಂತಿಲ್ಲ.

ಆ ವರ್ಷ ಪೀಠದ ಮುಂದೆ ಒಂದಷ್ಟು ಸೋರೆಕಾಯಿ, ಒಂದು ಹುಂಜ. ಪಾದ್ರಿ ಅಯ್ಯನವರ ದೀರ್ಘ ಪ್ರಾರ್ಥನೆಗೆ ಹುಂಜವೇ ಮೊದಲು ಆಮೆನ್ ಎಂದಿತು. ಗಿರಣಿ ನಿಂತ ಮೇಲೆ ಆ ಹುಣಸೆಯಡಿ ಶೇಂಗಾ ಹುರಿದು ಮಾರುತ್ತಿದ್ದ ಮರಿಯಮ್ಮತ್ತೆ ಕಾಯಿ ತುಂಬಿದ ಟೊಂಗೆಯೊಂದನ್ನು ತಂದಿಟ್ಟಳು.

"ಈ ವರ್ಸದ ಹುಣಸೆ ಫಲ ದೇವ್ರಿಗೆ."

"ನಾಳೆ ಬೀಳೋ ಮರದ್ದು ಏನ್ ಫಲ, ಮರಿಯಮ್ಮ?" ಎಂದರು ಸಭೆಯ ಹಿರಿಯರಾದ ದೇವದಾಸಪ್ಪನವರು.

"ದೇವ್ರು ಆದಾಮಂಗೆ ತೋಟ ಕೊಟ್ಟಿದ್ದು ಕಾಯಾಕೆ, ಕೊಡ್ಲಿ ಹಿಡಿಯಾಕಲ್ಲ. ಮೊದ್ಲು ಕಾಯಿ ಹಣ್ಣಾಗ್ಲಿ ತಡೀರಿ."

ಒಪ್ಪಿಸಿದ್ದಾಗಿತ್ತು. ಟೊಂಗೆಯ ಹೆಸರಲ್ಲಿ ಇಡೀ ಮರದ ಫಸಲನ್ನು ಹರಾಜಿಗೆ ಇಡಲೇಬೇಕಾಯಿತು. ಆನೆಕೊಂಡದ ಹುಣಸೆ ವ್ಯಾಪಾರಿ ಖಾಸಿಂ ಸಾಬರು ಪ್ರತಿವರ್ಷ ನಮ್ಮ ಹಬ್ಬಕ್ಕೆ ಬರುತ್ತಿದ್ದರು. ಮೊದಲ ಸವಾಲು ಅವರದೇ.

"ಯಾಕ್ರೀ ಮೇಸ್ತ್ರಿ, ಕಡಿಯಾಕಷ್ಟೇ ದಮ್ ಐತಾ? ಕೂಗಾಕಿಲ್ವಾ?" ಎಂದರು ಸಾಬರು.

ಜನ ನಕ್ಕರು. ನನಗಷ್ಟೇ ಸಾಕಾಯಿತು. ಕೂಗಿದೆ. ಅವರು ಏರಿಸಿದರು, ನಾನೂ ಏರಿಸಿದೆ. ಜೇಬೂ ಮರೆತುಹೋಯಿತು, ನಾಳೆಯ ಕೆಲಸವೂ ಮರೆತುಹೋಯಿತು. ಇದ್ದಕ್ಕಿದ್ದಂತೆ ಸಾಬರು ಬಾಯಿ ಮುಚ್ಚಿಕೊಂಡು ಮೀಸೆಯೊಳಗೇ ನಕ್ಕರು. ಮರದ ಫಸಲು ನನ್ನ ಪಾಲಾಯಿತು.

"ಈಗ ನಿನ್ ಫಸಲು ನೀನೇ ಕಡ್ಕೋ, ನೋಡಾನ!" ಎಂದಳು ಮರಿಯಮ್ಮತ್ತೆ.

ದೇವದಾಸಪ್ಪನವರು ತಲೆಮೇಲೆ ಕೈಹೊತ್ತರು. "ಮಳೆಗಾಲದಾಗ ಕೊಡೆ ಹಿಡ್ಕಂಡು ಪ್ರಾರ್ಥನೆ ಮಾಡಾನೇನಪ್ಪಾ?"

ದುಡ್ಡಿಲ್ಲವೆನ್ನಲು ಬಾಯಿ ಬರಲಿಲ್ಲ. "ಸೂರು ನಾನು ನಿಲ್ಲಿಸ್ತೀನ್ರಿ. ಸವಾಲಿನ ದುಡ್ಡಿನ ಬದ್ಲಿಗೆ ನನ್ನ ಕೈಕೆಲ್ಸ ತಗಳ್ರಿ" ಎಂದೆ.

"ನನ್ ಗೋದಾಮಿನಾಗೆ ಹಳೇ ತೊಲೆ ಬಿದ್ದಾವೆ, ಒಯ್ಯಿರಿ. ಆದ್ರೆ ಹುಣಸೆ ಹಣ್ಣು ನಂಗೇ ಮಾರ್ಬೇಕು!" ಎಂದರು ಸಾಬರು.

ಕೆಲಸವಿಲ್ಲದೆ ಕೂತಿದ್ದ ಗಿರಣಿಯವರು ಹೆಂಚು ಇಳಿಸಿದರು, ಏರಿಸಿದರು. ತೊಲೆ ಕೂರಿಸುತ್ತ ಸೂರಿನ ಮೇಲಿಂದ ನೋಡಿದರೆ ಮರದ ತುಂಬ ಹಕ್ಕಿಗೂಡುಗಳು. ನಾನು ಕೆಳಗೆ ನಿಂತು ಅಂದಾಜು ಮಾಡಿದ್ದು ಕಟ್ಟಿಗೆಯನ್ನು ಮಾತ್ರ.

ಗಿರಣಿ ತೆರೆಯಲಿಲ್ಲ. ಆದರೆ ಮಾಗಿ ಕಳೆದು ಹುಣಸೆ ಹಣ್ಣಾಯಿತು, ಸಾಬರು ಕೊಂಡರು, ನಮ್ಮ ಒಲೆ ಉರಿಯಿತು. ಮರ ಕಡಿಯುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ನಿರೀಕ್ಷೆಯ ಬಗ್ಗೆ ಅಯ್ಯನವರ ಬಾಯಲ್ಲಿ ಎಷ್ಟೋ ಪ್ರಸಂಗ ಕೇಳಿದ್ದೆ. ಅರ್ಥವಾದದ್ದು ಹಸಿ ಕಾಯಿಗೆ ಸವಾಲು ಕೂಗಿದ ಮೇಲೆಯೇ.

ಹರಿಹರದಲ್ಲಿ ಇಳಿದು ಕೊಕ್ಕನೂರಿಗೆ ಹೋದೆ. ಹೊಸ ಮನೆಯ ಬಾಗಿಲಿಗೆಂದು ಹಿತ್ತಲ ಬೇವಿನ ಮರ ನೋಡಲು ಅಲ್ಲಿಯ ಗೌಡರು ಕರೆದಿದ್ದರು. ಟೇಪು ಜೇಬಿನಲ್ಲೇ ಬಿಟ್ಟು, ತಲೆಯೆತ್ತಿ ಮರದ ಸುತ್ತ ನಡೆದೆ.

"ಮ್ಯಾಲೇನು ನೋಡ್ತೀರಿ ಮೇಸ್ತ್ರಿ? ದಪ್ಪ ಇರಾದು ಬುಡದಾಗೆ."

"ಬಾಡಿಗೆಗೆ ಯಾರ್ಯಾರು ಅದಾರೆ ಅಂತ ನೋಡ್ತಿದೀನ್ರಿ, ಗೌಡ್ರೆ."

ಗೌಡರೂ ತಲೆಯೆತ್ತಿದರು.