ಗಾಳೆಮ್ಮ ನುಚ್ಚಿಗೆ ಮುನಿದದ್ದು

ಮಗ ಕ್ರಾಂತಿಕುಮಾರ್‌ಗೆ ಹಗರಿಬೊಮ್ಮನಹಳ್ಳಿಯ ಕಚೇರಿಯೊಂದರಲ್ಲಿ ಗುಮಾಸ್ತನ ಕೆಲಸ ಸಿಕ್ಕ ತಿಂಗಳೇ ಗಾಳೆಮ್ಮ ಹೇಳಿಬಿಟ್ಟಳು: "ಇನ್ನ ಈ ಮನ್ಯಾಗ ಜ್ವಾಳದ ವಾಸನಿ ಬರಬಾರ್ದು." ಅಂದಿನಿಂದ ಮೂರು ಹೊತ್ತೂ ಬಿಳಿ ಅನ್ನ, ತಿಳಿಸಾರು.

ಸಕ್ಕರೆ ಕಾಯಿಲೆ ಬಂದು ಎಂಟು ವರ್ಷವಾದರೂ ಮಾತ್ರೆ ನುಂಗಿ ಅನ್ನವನ್ನೇ ಉಣ್ಣುತ್ತಿದ್ದಳು. ಹೊಟ್ಟೆ ಕಲ್ಲಿನಂತಾಗಿ ನಾಲ್ಕೈದು ದಿನ ಕಟ್ಟಿಕೊಳ್ಳುತ್ತಿತ್ತು. ನಾಚಿಕೆಗೆ ಯಾರಿಗೂ ಹೇಳಲಿಲ್ಲ. ಕಳೆದ ಬೇಸಿಗೆಯಲ್ಲಿ ಚಪ್ಪಲಿ ಕಚ್ಚಿ ಕಾಲ್ಬೆರಳಿಗಾದ ಗಾಯ ಮಾಯಲೇ ಇಲ್ಲ. ಸೊಸೆ ಪ್ರಿಯಾ ಆಸ್ಪತ್ರೆಗೆ ಕರೆದೊಯ್ದಳು.

"ಏನು ಉಣ್ತೀರಮ್ಮ?" ವೈದ್ಯೆ ಶೈಲಾ ಕೇಳಿದರು.

"ಅನ್ನ."

"ಕಾಳು, ಸೊಪ್ಪು?"

"ಬಡತನದಾಗ ತಿಂದು ಸಾಕಾಗೈತ್ರಿ."

"ಬರೇ ಅನ್ನದಾಗ ನಾರು ಇರಾದಿಲ್ಲ, ಸಕ್ರಿ ಒಮ್ಮಿಗೇ ಏರ್ತೈತಿ. ಜ್ವಾಳ, ಹುರುಳಿ, ಸೊಪ್ಪು ಸ್ವಲ್ಪಸ್ವಲ್ಪ ಸುರು ಮಾಡ್ರಿ. ಹೊಟ್ಟಿ ಕಟ್ಟತಿದ್ರ ಅದೂ ಸಡಿಲಾಗ್ತೈತಿ."

ಮರುದಿನ ಪ್ರಿಯಾ ಜೋಳದ ನುಚ್ಚು, ಹುರುಳಿಪಲ್ಯ ಬಡಿಸಿದಾಗ ಗಾಳೆಮ್ಮ ತಟ್ಟೆ ಸರಿಸಿ ಎದ್ದಳು. "ಇದನ್ನ ಉಣಿಸಾಕ ನನ್ನ ಮಗಾ ನೌಕ್ರಿ ಹಿಡಿದ್ನೇನು?"

ಶ್ರಾವಣದ ಹೊತ್ತಿಗೆ ಬೆರಳು ಕಪ್ಪಾಯಿತು. ಬಳ್ಳಾರಿಯಲ್ಲಿ ಅದನ್ನು ಕತ್ತರಿಸಿ ತೆಗೆದರು.

ಮನೆಗೆ ಬಂದ ದಿನ ಕ್ರಾಂತಿಕುಮಾರ್ ಮಂಚದ ಬಳಿ ಕೂತ. "ಯಾಕವ್ವ, ನುಚ್ಚಿನ ಮ್ಯಾಲೆ ಇಷ್ಟ್ಯಾಕ ಸಿಟ್ಟು?"

ಗಾಳೆಮ್ಮ ಹೊದಿಕೆಯನ್ನು ಕಾಲಿನ ಮೇಲೆ ಎಳೆದುಕೊಂಡಳು. "ಕೂಡ್ಲಿಗಿ ಕಡೆ ಕೂಲಿಗೆ ಹೋಗ್ತಿದ್ವಿ. ಹೊಲದ ಧಣಿ ಮನಿ ಹಿತ್ತಲ ಬಾಗಿಲದಾಗ ನಿಂತು ತಟ್ಟಿ ಒಡ್ಡಬೇಕು. ಮುಟ್ಟಬಾರ್ದು ಅಂತ ಮ್ಯಾಲಿಂದ ಸುರೀತಿದ್ರು. ಸಿಡಿದ ನುಚ್ಚು ಕೈ ಸುಡ್ತಿತ್ತು. ನಿನಗ ಅದರ ರುಚಿ ಗೊತ್ತಾಗಬಾರ್ದು ಅಂತಿದ್ದೆ."

ಬಾಗಿಲಲ್ಲಿ ನಿಂತಿದ್ದ ಪ್ರಿಯಾ ಒಳಗೆ ಹೋದಳು.

ಇನ್ನೊಂದು ಬೆರಳೂ ಹೋದೀತೆಂಬ ಭಯಕ್ಕೆ ಗಾಳೆಮ್ಮ ಮರುದಿನ ತಾನಾಗಿಯೇ ನುಚ್ಚು ಕೇಳಿದಳು. ಒಮ್ಮೆಗೇ ಹೊಟ್ಟೆ ತುಂಬ ಉಂಡು, ಮೇಲೆ ಹುರುಳಿಯನ್ನೂ ತಿಂದಳು. ಸಂಜೆಗೆ ಹೊಟ್ಟೆ ಉಬ್ಬಿ ಒದ್ದಾಡಿದಳು. "ನೋಡಿದೇನು? ಇದು ನನಗ ಆಗಾದಿಲ್ಲ," ಎಂದು ಅತ್ತಳು. ಪ್ರಿಯಾ ಶೈಲಾ ಅವರಿಗೆ ಫೋನು ಮಾಡಿದಳು. ದಿನಕ್ಕೆ ಎರಡು ತುತ್ತಿನಿಂದ ಶುರುಮಾಡಿ, ನೀರು ಚೆನ್ನಾಗಿ ಕುಡಿಸಿ, ಮಾತ್ರೆ ತಪ್ಪಿಸಬೇಡಿ ಎಂದರು.

"ಎರಡೇ ತುತ್ತು, ಅತ್ತಿ. ನಾನೂ ಅದನ್ನ ಉಣ್ತೀನಿ," ಎಂದು ಪ್ರಿಯಾ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಕೂತಳು.

ಮೂರು ತಿಂಗಳಾಗಿದೆ. ಹೊಟ್ಟೆ ದಿನವೂ ಸರಾಗ. ಸಕ್ಕರೆ ಇಳಿದಿದೆ, ಇಳಿಯಬೇಕಾದಷ್ಟಲ್ಲ. ಅಂಗಾಲಿನ ಜೋಮು ಬಿಟ್ಟಿಲ್ಲ. ಬೆಳಿಗ್ಗೆ ಪ್ರಿಯಾ ಅತ್ತೆಯ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ಹೊಸ ಗಾಯವಿದೆಯೇ ಎಂದು ಒಂದೊಂದೇ ಬೆರಳು ಬಿಡಿಸಿ ನೋಡುತ್ತಾಳೆ. ಗಾಳೆಮ್ಮ ಅತ್ತ ನೋಡುವುದಿಲ್ಲ, "ಏನಿಲ್ಲಲ್ಲ?" ಎಂದಷ್ಟೇ ಕೇಳುತ್ತಾಳೆ.