ಇಲಿಯತ್ತೆಯ ಹೆಬ್ಬೆರಳು

ನನ್ನ ಸೋದರತ್ತೆಯನ್ನು ಮನೆಯವರೆಲ್ಲ ಇಲಿಯತ್ತೆ ಎಂದೇ ಕರೆಯುತ್ತೇವೆ. ಹೊಸ ಔಷಧಿಗಳನ್ನು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಇಪ್ಪತ್ತೆರಡು ವರ್ಷಗಳಿಂದ ಇಲಿಗಳನ್ನು ನೋಡಿಕೊಳ್ಳುತ್ತಿದ್ದಾಳೆ. ಕ್ಯಾನ್ಸರ್ ಗಡ್ಡೆ ಬೆಳೆಸಿದ ಇಲಿಯನ್ನು ಎಡಗೈಯಲ್ಲಿ ಹಿಡಿದು ಆ ಗಡ್ಡೆಗೇ ಔಷಧಿ ಚುಚ್ಚುವುದರಲ್ಲಿ ಅವಳದು ಎತ್ತಿದ ಕೈ. ಮನೆಯಲ್ಲಿ ಜಿರಳೆ ಕಂಡರೆ ಮಾತ್ರ ಕುರ್ಚಿ ಹತ್ತುತ್ತಾಳೆ.

ಹೋದ ವರ್ಷ ಆ ಕೆಲಸಕ್ಕೆ ರೋಬೋಟ್ ಬಂತು. ಅರಿವಳಿಕೆ ಕೊಟ್ಟ ಇಲಿಯನ್ನು ಪುಟ್ಟ ಹಲಗೆಯ ಮೇಲೆ ಮಲಗಿಸಿದರೆ ಸ್ಕ್ಯಾನರ್ ಅದರ ಹೊಟ್ಟೆಯೊಳಗಿನ ಚಿತ್ರ ತೆಗೆಯುತ್ತದೆ. ಪರೀಕ್ಷೆ ನಡೆಸುವ ಡಾಕ್ಟರಮ್ಮ ಪರದೆಯ ಮೇಲೆ ಗಡ್ಡೆಯ ನಡುವೆ ಗುರುತು ಹಾಕುತ್ತಾರೆ. ಯಂತ್ರದ ಕೈ ಆ ಗುರುತಿಗೇ ಸೂಜಿ ಇಳಿಸುತ್ತದೆ, ಅತ್ತೆಯ ಕೈಗೆ ಎಂದೂ ಎಟುಕದ ಆಳದ ಗಡ್ಡೆಗೂ. ಅತ್ತೆಗೆ ಉಳಿದದ್ದು ಇಲಿ ಮಲಗಿಸುವ, ಎತ್ತುವ ಕೆಲಸ.

ಆದರೆ ಸೂಜಿ ಗಡ್ಡೆಗೆ ತಾಗಲೇ ಇಲ್ಲ. ಮತ್ತೆ ಚಿತ್ರ ತೆಗೆದು ನೋಡಿದರೆ ಔಷಧಿ ಪಕ್ಕದಲ್ಲಿ ಬಿದ್ದಿರುತ್ತಿತ್ತು. ವಾರಕ್ಕೆ ಆರರಂತೆ ಹದಿನೆಂಟು ಇಲಿ ಹಾಳಾದವು. ಎಂಜಿನಿಯರ್ ಯಂತ್ರವನ್ನು ಬಿಚ್ಚಿ ಜೋಡಿಸಿ ಹೈರಾಣಾದ. ರಬ್ಬರ್ ತುಂಡಿಗೆ ಚುಚ್ಚಿದರೆ ಸರಿ, ಇಲಿಗೆ ಚುಚ್ಚಿದರೆ ತಪ್ಪು. ಉಳಿದದ್ದು ಆರೇ ಇಲಿ. ಅವೂ ತಪ್ಪಿದರೆ ಪರೀಕ್ಷೆಯೇ ನಿಲ್ಲುತ್ತದೆ, ಇನ್ನಷ್ಟು ಇಲಿಗಳಿಗೆ ಅನುಮತಿ ಸಿಗುವುದಿಲ್ಲ ಎಂದು ಡಾಕ್ಟರಮ್ಮ ಹೇಳಿಬಿಟ್ಟರು.

ಅತ್ತೆ ದಿನಾ ಸಂಜೆ ಚಪ್ಪಲಿ ಬಿಡುವ ಮೊದಲೇ ಯಂತ್ರದ ಜನ್ಮ ಜಾಲಾಡುತ್ತಿದ್ದಳು. ಇಪ್ಪತ್ತೆರಡು ವರ್ಷ ದುಡಿದ ಕೈಯನ್ನು ಮೂಲೆಗೆ ತಳ್ಳಿದ್ದಾರೆ, ಇಲಿಗಳು ಸುಮ್ಮಸುಮ್ಮನೆ ಹಾಳಾಗುತ್ತಿವೆ, ಕೇಳುವವರೇ ಇಲ್ಲ. ಕೇಳಿ ಕೇಳಿ ನನಗೂ ರೇಗುತ್ತಿತ್ತು. ಅಷ್ಟು ಅನುಮಾನವಿದ್ದರೆ ಹಲಗೆಯ ಮೇಲೊಂದು ಕ್ಯಾಮೆರಾ ಇಡಿಸು, ಯಂತ್ರದ ಬಣ್ಣ ಬಯಲಾಗಲಿ ಎಂದೆ. ಅತ್ತೆ ಜಗಳವಾಡಿ ಇಡಿಸಿದಳು.

ಹತ್ತೊಂಬತ್ತನೆಯ ಇಲಿಯೂ ತಪ್ಪಿತು. ಎಲ್ಲರೂ ಸೇರಿ ವಿಡಿಯೋ ನೋಡಿದರು. ಚಿತ್ರ ತೆಗೆದಾಗಿದೆ, ಡಾಕ್ಟರಮ್ಮ ಪರದೆಯತ್ತ ತಿರುಗಿ ಗುರುತು ಹಾಕುತ್ತಿದ್ದಾರೆ. ಅಷ್ಟರಲ್ಲಿ ಒಂದು ಹೆಬ್ಬೆರಳು ಬಂದು ಇಲಿಯ ಬೆನ್ನನ್ನು ಕತ್ತಿನಿಂದ ಬಾಲದವರೆಗೆ ಒಮ್ಮೆ ಸವರುತ್ತದೆ. ಇಲಿ ಒಂದು ಎಳ್ಳಿನಷ್ಟು ಜರುಗುತ್ತದೆ. ಯಂತ್ರ ಹಳೆಯ ಚಿತ್ರವನ್ನೇ ನಂಬಿ ಸೂಜಿ ಇಳಿಸುತ್ತದೆ.

"ನಾನು ಮುಟ್ಟೇ ಇಲ್ಲ" ಎಂದಳಂತೆ ಅತ್ತೆ. ಎಂಜಿನಿಯರ್ ವಿಡಿಯೋವನ್ನು ಇನ್ನೊಮ್ಮೆ ಹಾಕಿದ. ಚುಚ್ಚುವ ಮೊದಲು ಇಲಿ ಬೆದರದಿರಲಿ ಎಂದು ಸವರುವುದು ಅವಳ ಹಳೆಯ ಅಭ್ಯಾಸ. ಎಚ್ಚರವೇ ಇಲ್ಲದ ಇಲಿಗೂ ಬೆರಳು ತಾನಾಗಿ ಹೋಗುತ್ತಿತ್ತು, ಅವಳಿಗೇ ಗೊತ್ತಾಗದಂತೆ.

ಮರುದಿನ ಅತ್ತೆ ಎರಡೂ ಕೈಗಳನ್ನು ಕೋಟಿನ ಜೇಬಿಗೆ ತುರುಕಿ ನಿಂತಳು. ಸಂಜೆ ಬಂದವಳು ಒಂದು ಚಪ್ಪಲಿ ಬಿಟ್ಟು, ಇನ್ನೊಂದನ್ನು ಕಾಲಲ್ಲೇ ಇಟ್ಟುಕೊಂಡು ಮೆಟ್ಟಿಲ ಮೇಲೆ ಕೂತುಬಿಟ್ಟಳು. ಏನಾಯಿತೆಂದು ಕೇಳಿದೆ.

"ಐದಕ್ಕೆ ಐದೂ ಸರಿಯಾಗಿ ಬಿತ್ತು ಕಣೇ."

ಮತ್ತೆ ಈ ಮುಖ ಯಾಕೆ ಎಂದೆ. ಹಾಳಾದ ಹತ್ತೊಂಬತ್ತು ಇಲಿಗಳಿಂದ ಇನ್ನು ಪ್ರಯೋಜನವಿಲ್ಲ, ಮಧ್ಯಾಹ್ನ ಅವನ್ನು ಸಾಯಿಸಬೇಕಾಯಿತು, ಅದೂ ತನ್ನದೇ ಕೆಲಸ ಎಂದಳು. ಅವಳ ಮೇಲೆಯೇ ಅವಳಿಗೆ ಸಿಟ್ಟು.

"ಒಂದೊಂದನ್ನೂ ಸವರಿದೆ. ಇನ್ನು ತಪ್ಪೋಕೆ ಏನೂ ಇರಲಿಲ್ಲವಲ್ಲ."